ಕನ್ನಡ ಕಡತಗಳಲ್ಲಿ ಹುಡುಕಲು ಗ್ರೆಪ್ ಸಾಕೇ, ರಿಪ್‌ಗ್ರೆಪ್ ಬೇಕೇ?

ಗ್ರೆಪ್, ರಿಪ್‌ಗ್ರೆಪ್ ಎರಡೂ ಫೈಲುಗಳೊಳಗೆ ಪಠ್ಯ ಹುಡುಕುವ ಕಮಾಂಡ್‌ಗಳು. ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡ್ ಟೈಪ್ ಮಾಡುವ ಕಿಟಕಿಯಲ್ಲಿ, ಕನ್ನಡ ಪಠ್ಯ ಹುಡುಕುವವರು ರಿಪ್‌ಗ್ರೆಪ್ ಹಾಕಿಕೊಳ್ಳಿ. ನಾನು ಗ್ರೆಪ್ ಬಿಟ್ಟು ಅದಕ್ಕೆ ಬಂದು ಬಹಳ ಕಾಲವಾಯಿತು, ಹಿಂತಿರುಗುವ ಯೋಚನೆ ಇಲ್ಲ. ಕರಡು ತಿದ್ದುವುದು, ಪುಸ್ತಕದ ಕೊನೆಗೆ ಪದಸೂಚಿ ಮಾಡಿಕೊಡುವುದು ನನ್ನ ಕೆಲಸ. ಒಬ್ಬ ಲೇಖಕರ ಸಮಗ್ರ ಬರಹ ಎಂದರೆ ನೂರಾರು ಟೆಕ್ಸ್ಟ್ ಫೈಲುಗಳು, ಒಂದೊಂದನ್ನು ಒಬ್ಬೊಬ್ಬರು ಟೈಪ್ ಮಾಡಿರುತ್ತಾರೆ. ಒಂದು ಹೆಸರು ಎಲ್ಲೆಲ್ಲಿ ಬಂದಿದೆ ಎಂದರೆ ಒಂದೂ ಬಿಡದೆ ಸಿಗಬೇಕು. ವೇಗದ ಮಾತು ಆಮೇಲೆ.

ಗ್ರೆಪ್ ಹಿರಿಯ. ಕೆನ್ ಥಾಂಪ್ಸನ್ ಬರೆದ ಈ ಕಮಾಂಡ್ 1973ರ ಯುನಿಕ್ಸ್ ಕೈಪಿಡಿಯಲ್ಲೇ ಇದೆ. ಯುನಿಕೋಡ್ ಬಂದದ್ದು ಎಷ್ಟೋ ವರ್ಷಗಳ ನಂತರ. ಹಾಗಾಗಿ ಇಂದಿನ ಗ್ನೂ ಗ್ರೆಪ್ ಕೂಡ ಅಕ್ಷರ ಎಂದರೇನು ಎಂಬುದನ್ನು ಸಿಸ್ಟಮ್‌ನ ಲೊಕೇಲ್ (ಭಾಷೆ, ಅಕ್ಷರ ಸಂಕೇತಗಳ ಹೊಂದಿಕೆ) ನೋಡಿ ತೀರ್ಮಾನಿಸುತ್ತದೆ. ಲೊಕೇಲ್ ಯುಟಿಎಫ್-8 (ಯುನಿಕೋಡ್ ಅಕ್ಷರಗಳನ್ನು ಬೈಟುಗಳಾಗಿ ಬರೆದಿಡುವ ಒಂದು ವಿಧಾನ) ಇದ್ದರೆ ತೊಂದರೆಯಿಲ್ಲ. ‘ಸಿ’ ಲೊಕೇಲ್ ಇದ್ದರೆ ಒಂದೊಂದು ಬೈಟೂ ಒಂದೊಂದು ಅಕ್ಷರ. ಶ, ಷ ಎರಡೂ ಮೂರು ಮೂರು ಬೈಟಿನವು. ‘ವಿಶೇಷ’ವನ್ನು ‘ವಿಷೇಶ’ ಎಂದು ಟೈಪ್ ಮಾಡಿದ್ದಾರೆಯೇ ಎಂದು ನೋಡಲು ‘ಯಾವುದಿದ್ದರೂ ಸರಿ’ ಎಂದು ಚೌಕ ಕಂಸದೊಳಗೆ ಶ, ಷ ಎರಡನ್ನೂ ಹಾಕಿದರೆ, ಆ ಲೊಕೇಲ್‌ನಲ್ಲಿ ಕಂಸ ಒಂದೇ ಬೈಟ್ ಹಿಡಿಯುತ್ತದೆ, ಉತ್ತರ ಶೂನ್ಯ. ತಪ್ಪೇ ಇಲ್ಲವೆಂದು ನಂಬಿ ಫೈಲನ್ನು ಅಚ್ಚಿಗೆ ಕಳಿಸುವ ಅಪಾಯ ಇಲ್ಲಿದೆ. 2016ರಲ್ಲಿ ಆಂಡ್ರ್ಯೂ ಗ್ಯಾಲಂಟ್ ರಸ್ಟ್ ಭಾಷೆಯಲ್ಲಿ ಬರೆದು ಹೊರತಂದ ರಿಪ್‌ಗ್ರೆಪ್ ಲೊಕೇಲ್ ಕೇಳುವುದೇ ಇಲ್ಲ, ಪಠ್ಯ ಯುಟಿಎಫ್-8 ಎಂದೇ ಹಿಡಿದು ಹೊರಡುತ್ತದೆ.

ನೋಟ್‌ಪ್ಯಾಡ್‌ನಲ್ಲಿ ಹಿಂದೆ ‘ಯುನಿಕೋಡ್’ ಎಂದು ಆರಿಸಿ ಸೇವ್ ಮಾಡಿದ ಫೈಲುಗಳು ಯುಟಿಎಫ್-16 ಎಂಬ ಇನ್ನೊಂದು ವಿಧಾನದಲ್ಲಿರುತ್ತವೆ. ಅವುಗಳ ಮೇಲೆ ಗ್ರೆಪ್ ಓಡಿಸಿ ಕನ್ನಡ ಪದ ಹುಡುಕಿದರೆ ಎಚ್ಚರಿಕೆಯೂ ಇಲ್ಲ, ಉತ್ತರವೂ ಇಲ್ಲ. ರಿಪ್‌ಗ್ರೆಪ್ ಕಡತದ ಮೊದಲಿನ ಗುರುತು ನೋಡಿ ತಾನೇ ಬದಲಾಯಿಸಿಕೊಂಡು ಓದುತ್ತದೆ. ನನ್ನ ಮಟ್ಟಿಗೆ ಇದೊಂದೇ ಕಾರಣ ಸಾಕಿತ್ತು.

ಇನ್ನು ಎರಡನ್ನೂ ಕಾಡುವ ತೊಡಕು. ಇದರ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು.

‘ಸಾಫ್ಟ್‌ವೇರ್’ ಎಂದು ಬರೆಯುವಾಗ ವಕಾರ ಒತ್ತಾಗಿ ಕೆಳಗಿಳಿಯದಿರಲು ನಡುವೆ ಕಣ್ಣಿಗೆ ಕಾಣದ ಒಂದು ಕೋಡ್ ಹಾಕುತ್ತೇವೆ: ಜೀರೊ ವಿಡ್ತ್ ನಾನ್ ಜಾಯ್ನರ್, ಯುನಿಕೋಡ್ ಸಂಖ್ಯೆ 200ಸಿ. ಪದದ ನಡುವೆ ಅದು ಇಲ್ಲದಿದ್ದರೆ ಒತ್ತು ಕಾಣಿಸಿ ಗೊತ್ತಾಗುತ್ತದೆ. ಪದದ ಕೊನೆಯಲ್ಲಿ ಇದ್ದರೂ ಇಲ್ಲದಿದ್ದರೂ ನೋಟ ಒಂದೇ. ಹಳೆಯ ಫಾಂಟ್‌ನಿಂದ ಯುನಿಕೋಡ್‌ಗೆ ಪರಿವರ್ತಿಸಿದ ಫೈಲುಗಳಲ್ಲಿ ಅರ್ಧಾಕ್ಷರದಿಂದ ಮುಗಿಯುವ ಪದಗಳ ಬಾಲಕ್ಕೆಲ್ಲ ಇದು ಅಂಟಿಕೊಂಡಿರುವುದನ್ನು ಮತ್ತೆ ಮತ್ತೆ ಕಂಡಿದ್ದೇನೆ. ಆಗ ‘ಕಿಟೆಲ್ ನಿಘಂಟು’ ಎಂದು ಹುಡುಕಿದರೆ, ಲ್ ಆದ ಮೇಲೆ ಅಡಗಿರುವ ಆ ಕೋಡ್‌ನಿಂದಾಗಿ ಅರ್ಧದಷ್ಟು ಕಡೆ ಸಿಗುವುದಿಲ್ಲ. ಪರದೆಯ ಮೇಲೆ ಎರಡೂ ಸಾಲು ಒಂದೇ ಥರ, ಒಂದು ಸಿಗುತ್ತದೆ, ಇನ್ನೊಂದು ಸಿಗುವುದಿಲ್ಲ. ‘ರ‍್ಯಾಂಕ್’ ಪದದಲ್ಲಿ ಜೀರೊ ವಿಡ್ತ್ ಜಾಯ್ನರ್ (ಇದೂ ಕಣ್ಣಿಗೆ ಕಾಣದ ಕೋಡ್; ಎರಡನ್ನೂ ಮುಂದೆ ಜಾಯ್ನರ್ ಎಂದೇ ಕರೆಯುತ್ತೇನೆ) ಕೆಲವರ ಟೈಪಿಂಗ್‌ನಲ್ಲಿ ಹಲಂತದ ಮೊದಲು, ಕೆಲವರದರಲ್ಲಿ ನಂತರ. ಒಕಾರದ ಗುಣಿತ ಒಂದೇ ಕೋಡ್ ಆಗಿರಬಹುದು, ಎಕಾರ ಮತ್ತು ಊಕಾರದ ಚಿಹ್ನೆಗಳ ಜೋಡಿಯೂ ಆಗಿರಬಹುದು. ಇವನ್ನು ಸಮ ಎಂದು ಗ್ರೆಪ್ ಆಗಲಿ ರಿಪ್‌ಗ್ರೆಪ್ ಆಗಲಿ ತಾನಾಗಿ ತಿಳಿಯುವುದಿಲ್ಲ.

ಪರಿಹಾರದಲ್ಲಿ ವ್ಯತ್ಯಾಸವಿದೆ. ರಿಪ್‌ಗ್ರೆಪ್‌ಗೆ ಕೊಡುವ ಹುಡುಕು ವಿನ್ಯಾಸದೊಳಗೆ (ಪ್ಯಾಟರ್ನ್) 200ಸಿ ಸಂಖ್ಯೆಯನ್ನೇ ಕೊಟ್ಟು, ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ‘ಇದ್ದರೂ ಸರಿ, ಇಲ್ಲದಿದ್ದರೂ ಸರಿ’ ಎನ್ನಬಹುದು. ಗ್ರೆಪ್‌ನಲ್ಲಿ ಹೀಗೆ ಸಂಖ್ಯೆ ಕೊಡಲು ಪರ್ಲ್ ಮೋಡ್ (ಪರ್ಲ್ ಭಾಷೆಯ ಹುಡುಕು ನಿಯಮಗಳನ್ನು ಬಳಸುವ ಆಯ್ಕೆ) ಬೇಕು. ಆ ಮೋಡ್‌ನಲ್ಲಿ ಪದ ಹಿಡಿಯುವ ‘ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂ’ಗೆ ನಮ್ಮ ದೀರ್ಘದ ಚಿಹ್ನೆ ಅಕ್ಷರವೇ ಅಲ್ಲ, ‘ಕಾವೇರಿ’ ತುಂಡು ತುಂಡಾಗುತ್ತದೆ. ರಿಪ್‌ಗ್ರೆಪ್ ಗುಣಿತ, ಹಲಂತ, ಜಾಯ್ನರ್ ಎಲ್ಲವನ್ನೂ ಪದದ ಭಾಗವೆಂದೇ ಎಣಿಸುತ್ತದೆ. ಪದಪಟ್ಟಿ ತೆಗೆಯುವವರಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇರೆ ಇಲ್ಲ. ಆದರೆ ಅದೇ ಕಾರಣಕ್ಕೆ ಪೂರ್ಣಪದ ಮಾತ್ರ ಎಂಬ ಆಯ್ಕೆ ಹಾಕಿ ‘ಕಿಟೆಲ್’ ಹುಡುಕಿದರೆ, ಬಾಲಕ್ಕೆ ಜಾಯ್ನರ್ ಅಂಟಿದ ‘ಕಿಟೆಲ್’ ತಪ್ಪಿಹೋಗುತ್ತದೆ.

ನಾನು ನೆಚ್ಚಿಕೊಂಡಿರುವುದು ರಿಪ್‌ಗ್ರೆಪ್‌ನ ‘ಪ್ರಿ’ ಆಯ್ಕೆಯನ್ನು. ಪ್ರತಿ ಕಡತವನ್ನೂ ಮೊದಲು ನಾವು ಹೇಳಿದ ಸ್ಕ್ರಿಪ್ಟ್‌ಗೆ ಕೊಟ್ಟು, ಅದರಿಂದ ಹೊರಬಂದ ಪಠ್ಯದಲ್ಲಿ ಹುಡುಕುತ್ತದೆ. ಸ್ಕ್ರಿಪ್ಟ್‌ನಲ್ಲಿ ಎರಡೇ ಕೆಲಸ: ಪಠ್ಯ ತಿದ್ದುವ ಸೆಡ್ ಕಮಾಂಡ್ ಬಳಸಿ ಜಾಯ್ನರ್‌ಗಳನ್ನು ಅಳಿಸುವುದು, ಯುನಿಕೋಡ್ ರೂಪ ಬದಲಿಸುವ ಯುಕಾನ್ವ್ ಕಮಾಂಡ್ ಬಳಸಿ ಗುಣಿತಗಳನ್ನು ಎನ್‌ಎಫ್‌ಸಿ ರೂಪಕ್ಕೆ (ಜೋಡಿ ಕೋಡ್‌ಗಳು ಒಂದೇ ಕೋಡ್ ಆಗುವ ರೂಪ) ತರುವುದು. ಎನ್‌ಎಫ್‌ಸಿ ಒಂದೇ ಸಾಲದು, ಅದು ಜಾಯ್ನರ್ ಮುಟ್ಟುವುದಿಲ್ಲ. ಮೂಲ ಫೈಲು ಹಾಗೇ ಉಳಿಯುತ್ತದೆ. ಲೇಖಕರ ಕಡತ ತಿದ್ದುವ ಹಕ್ಕಿಲ್ಲದ ನನಗೆ ಇದು ಬಹಳ ಮುಖ್ಯ. ಹುಡುಕುವ ಪದದಲ್ಲೂ ಜಾಯ್ನರ್ ಇರಬಾರದು, ಬೇರೆಡೆಯಿಂದ ಪೇಸ್ಟ್ ಮಾಡುವವರು ಗಮನಿಸಿ. ಯುಟಿಎಫ್-16 ಫೈಲುಗಳನ್ನು ಬೇರೆ ಫೋಲ್ಡರ್‌ನಲ್ಲಿಟ್ಟು ಈ ಆಯ್ಕೆಯಿಲ್ಲದೆ ಹುಡುಕುತ್ತೇನೆ. ಕಡತಕ್ಕೊಂದು ಸಲ ಸ್ಕ್ರಿಪ್ಟ್ ಓಡುವುದರಿಂದ ನಿಧಾನವಾಗುತ್ತದೆ, ನನ್ನ ಹಳೆಯ ಲ್ಯಾಪ್‌ಟಾಪ್‌ನಲ್ಲೂ ಅದು ಸಹಿಸಬಹುದಾದಷ್ಟೇ.

ಆ್ಯಕ್ ಎಂಬ ಇನ್ನೊಂದು ಹುಡುಕು ಕಮಾಂಡ್ ಕೂಡ ನೋಡಿದೆ. ಪ್ರೋಗ್ರಾಮರ್‌ಗಳ ಸೋರ್ಸ್ ಕೋಡ್‌ಗೆಂದು ಮಾಡಿದ್ದು, ನನ್ನ ಕೆಲಸಕ್ಕೆ ಒಗ್ಗಲಿಲ್ಲ.

ರಿಪ್‌ಗ್ರೆಪ್‌ನಲ್ಲಿ ಹುಷಾರಾಗಿರಬೇಕಾದ ಒಂದು ಸಂಗತಿ: ಚುಕ್ಕಿಯಿಂದ ಶುರುವಾಗುವ ಹೆಸರಿನ ಫೈಲುಗಳನ್ನೂ ಗಿಟ್ ಇಗ್ನೋರ್ ಪಟ್ಟಿಯಲ್ಲಿ (ಕಡತಗಳ ಆವೃತ್ತಿಗಳನ್ನು ಕಾಯ್ದಿಡುವ ಗಿಟ್‌ಗೆ ‘ಇವನ್ನು ಬಿಡು’ ಎಂದು ಹೇಳುವ ಪಟ್ಟಿ) ಇರುವುದನ್ನೂ ಹೇಳದೆ ಬಿಟ್ಟುಬಿಡುತ್ತದೆ. ‘ಯು’ ಆಯ್ಕೆಯನ್ನು ಎರಡು ಸಲ ಕೊಟ್ಟರೆ ಅವೂ ಬರುತ್ತವೆ.

ಎರಡೂ ಉಚಿತ, ಉಬುಂಟುವಿನಲ್ಲಿ ರಿಪ್‌ಗ್ರೆಪ್ ಒಂದೇ ಕಮಾಂಡ್‌ನಲ್ಲಿ ಬರುತ್ತದೆ. ಟರ್ಮಿನಲ್‌ನಲ್ಲಿ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗಿ ಕಾಣುವುದು ಕಷ್ಟ ಎನ್ನುವವರು ವಿಎಸ್ ಕೋಡ್ ಎಡಿಟರ್‌ನ ಹುಡುಕಾಟ ಬಳಸಿ, ಅದರ ಒಳಗೆ ಓಡುವುದೂ ರಿಪ್‌ಗ್ರೆಪ್ಪೇ. ಹೊಸದೇನನ್ನೂ ಹಾಕಲು ಬಿಡದ ಸರ್ವರ್‌ಗಳಲ್ಲಿ ಈಗಲೂ ಗ್ರೆಪ್ ಬಳಸುತ್ತೇನೆ, ಮೊದಲು ಲೊಕೇಲ್ ಯಾವುದೆಂದು ನೋಡಿಕೊಂಡು. ನುಡಿ, ಬರಹದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿ ಇನ್ನೂ ಯುನಿಕೋಡ್‌ಗೆ ತರದ ಕಡತಗಳಿದ್ದರೆ ಎರಡರಿಂದಲೂ ಪ್ರಯೋಜನವಿಲ್ಲ, ಮೊದಲು ಪರಿವರ್ತನೆ ಮಾಡಿಸಿಕೊಳ್ಳಿ.