ಅಕ್ಕಿ ಗಿರಣಿಗೆ ಹಬ್ಬೋ, ಸ್ವಿಚ್ಚೋ, ಇನ್ನೊಂದು ರೂಟರೋ?

ಗಂಗಾವತಿಯ ಗಿರಣಿ ಆಫೀಸಿನಲ್ಲಿ ಆರು ಕಂಪ್ಯೂಟರ್, ಒಂದು ಪ್ರಿಂಟರ್. ರೂಟರಿನಲ್ಲಿ ನಾಲ್ಕೇ ಪೋರ್ಟ್. ಹಾಗಾದರೆ ಏನು ಕೊಳ್ಳಬೇಕು?

ಹಬ್ ಪುಕ್ಕಟೆ ಸಿಕ್ಕರೂ ಬೇಡ. ಒಂದು ಪೋರ್ಟಿಗೆ ಬಂದ ಡೇಟಾವನ್ನು ಅದು ಉಳಿದೆಲ್ಲದಕ್ಕೂ ಕಳಿಸುತ್ತದೆ. ಇಬ್ಬರು ಒಟ್ಟಿಗೆ ಕಳಿಸಿದರೆ ಡಿಕ್ಕಿಯಾಗಿ ಮತ್ತೆ ಕಳಿಸಬೇಕಾಗುತ್ತದೆ. ನೆಟ್‌ವರ್ಕಿಂಗ್ ಕಲಿಯುವವರ ಪ್ರಯೋಗಕ್ಕೆ ಸಾಕು.

ಸ್ವಿಚ್ ಯಾವ ಪೋರ್ಟಿನಲ್ಲಿ ಯಾವ ಮ್ಯಾಕ್ ವಿಳಾಸ (ಸಾಧನದ ಗುರುತಿನ ಸಂಖ್ಯೆ) ಇದೆ ಎಂದು ಕಲಿತು, ಬೇಕಾದ ಕಡೆಗಷ್ಟೇ ಡೇಟಾ ಕಳಿಸುತ್ತದೆ. ಸೆಟ್ಟಿಂಗ್ ಏನೂ ಇಲ್ಲ, ಕೇಬಲ್ ಚುಚ್ಚಿದರೆ ಮುಗಿಯಿತು. ಈ ಆಫೀಸಿನ ಲೆಕ್ಕಕ್ಕೆ 8 ಪೋರ್ಟಿನ ಗಿಗಾಬಿಟ್ ಸ್ವಿಚ್ ಸರಿಹೊಂದುತ್ತದೆ. ತೌಡಿನ ಧೂಳು, ಬೇಸಿಗೆಯ ಕಾವು ಎರಡೂ ಇರುವಲ್ಲಿ ಫ್ಯಾನಿಲ್ಲದ ಲೋಹದ ಡಬ್ಬಿಯದೇ ಒಳ್ಳೆಯದು. ಒಂದೇ ಕೇಬಲಿನ ಎರಡೂ ತುದಿ ಅದೇ ಸ್ವಿಚ್ಚಿಗೆ ಹೋದರೆ ಮಾತ್ರ ಇಡೀ ನೆಟ್‌ವರ್ಕ್ ನಿಂತೇಹೋಗಬಹುದು. ಮೊದಲು ಅದನ್ನೇ ನೋಡಿ. ಕ್ಯಾಮೆರಾಗಳೂ ಬರುವುದಾದರೆ ಪಿಒಇ (ನೆಟ್‌ವರ್ಕ್ ಕೇಬಲಿನಲ್ಲೇ ಕರೆಂಟೂ ಕೊಡುವ) ಸ್ವಿಚ್ ತಗೊಳ್ಳಿ, ದುಬಾರಿಯಾದರೂ ಕರೆಂಟಿಗೆ ಬೇರೆ ವೈರ್ ಬೇಕಾಗುವುದಿಲ್ಲ.

ಎರಡನೇ ರೂಟರ್ ಬೇಕಾಗುವುದು ದೂರದ ಕೋಣೆಗೆ ವೈಫೈ ಬೇಕಾದಾಗ, ಇಲ್ಲವೇ ಬೇರೆಯದೇ ನೆಟ್‌ವರ್ಕ್ ಮಾಡುವಾಗ. ಬರೀ ವೈಫೈಗಾದರೆ ಅದರ ಐಪಿ ವಿಳಾಸ ಬದಲಿಸಿ, ಡಿಎಚ್‌ಸಿಪಿ (ಸಾಧನಗಳಿಗೆ ಐಪಿ ವಿಳಾಸ ಹಂಚುವ ಸೆಟ್ಟಿಂಗ್) ಆಫ್ ಮಾಡಿ, ಲ್ಯಾನ್ ಪೋರ್ಟಿಗೆ ಕೇಬಲ್ ಹಾಕಿ.

ಗೇಟಿನ ವೇಬ್ರಿಡ್ಜ್ ಕೋಣೆ 100 ಮೀಟರಿಗಿಂತ ದೂರವಿದ್ದರೆ ತಾಮ್ರದ ಕೇಬಲ್ ಬಿಟ್ಟು ಫೈಬರ್ ಎಳೆಸಿ. ಸಿಡಿಲಿನ ಭಯವೂ ಕಡಿಮೆ.