ಬಾಣಂತನಕ್ಕೂ ಕ್ಲಾಸ್: ಅಮ್ಮಂದಿರೂ ಹೋಗಿ ಬನ್ನಿ

ಮಗಳ ಬಾಣಂತನಕ್ಕೆ ಹಾಸನದಿಂದ ವಿಜಯನಗರಕ್ಕೆ ಬಂದವಳು ನಾನು. ಎಂಟನೇ ತಿಂಗಳಲ್ಲಿ ಅವಳು ನನ್ನನ್ನೂ ಹೆರಿಗೆ ಆಸ್ಪತ್ರೆಯ ಶನಿವಾರದ ಕ್ಲಾಸ್‌ಗೆ ಕರೆದುಕೊಂಡು ಹೋದಳು. ಎರಡು ಗಂಟೆ, 500 ರೂಪಾಯಿ. ಎರಡು ಬಾಣಂತನ ಮಾಡಿದವಳಿಗೆ ಇದೆಲ್ಲ ಯಾಕೆ ಅಂದುಕೊಂಡೇ ಹೋದೆ.

"ಅಮ್ಮ, ನಿಮ್ಮ ಕಡೆ ಹೊಕ್ಕುಳಿಗೆ ಏನು ಹಚ್ಚುತ್ತೀರಾ?" ಅಂತ ಸಿಸ್ಟರ್ ಕೇಳಿದರು. ಕೊಬ್ಬರಿ ಎಣ್ಣೆ, ಅರಿಶಿನ ಅಂದೆ. ಬೈಯಲಿಲ್ಲ. "ಏನೂ ಬೇಡಮ್ಮ, ಒಣಗಿ ತಾನಾಗೇ ಬೀಳುತ್ತೆ" ಅಂದರು. ಮಗುವಿನ ಬಾಯಿಗೆ ಜೇನುತುಪ್ಪ, ಬಜೆ ಬೇಡ. ಆರು ತಿಂಗಳು ಎದೆಹಾಲೊಂದೇ, ನೀರೂ ಬೇಡ. ಸಾಂಬ್ರಾಣಿ ಹೊಗೆಯೂ ಬೇಡ ಅಂದರು. ಅದನ್ನು ನಿಲ್ಲಿಸುವುದು ನನಗೆ ಕಷ್ಟವಾಯಿತು, ಆದರೂ ನಿಲ್ಲಿಸಿದೆ. ಮೆಣಸಿನ ಸಾರು, ಸಬ್ಬಸಿಗೆ ಸೊಪ್ಪಿಗೆ ಅವರದೇನೂ ಅಡ್ಡಿ ಇರಲಿಲ್ಲ. ಬಾಣಂತಿಗೆ ನೀರು ಮಾತ್ರ ಬಾಯಾರಿದಷ್ಟೂ ಕೊಡಿ ಅಂದರು.

ನನಗೆ ಹೊಸದು ಲೆಕ್ಕ ಇಡುವುದು. ದಿನಕ್ಕೆ 8ರಿಂದ 12 ಸಲ ಹಾಲು. ಐದನೇ ದಿನದ ಮೇಲೆ 24 ಗಂಟೆಯಲ್ಲಿ 6 ಸಲವಾದರೂ ಬಟ್ಟೆ ಒದ್ದೆಯಾಗಬೇಕು. ಅಡುಗೆಮನೆ ಕ್ಯಾಲೆಂಡರ್ ಮೇಲೆ ಪೆನ್ಸಿಲ್‌ನಲ್ಲಿ ಗೀಟು ಹಾಕುತ್ತಿದ್ದೆ. ಸಿಸೇರಿಯನ್ ಆಗಿ ಮನೆಗೆ ಬಂದ ಮೇಲೆ, ಆರನೇ ದಿನ ರಾತ್ರಿ ನೋಡಿದರೆ ಒದ್ದೆ ಬಟ್ಟೆಗೆ ಮೂರೇ ಗೀಟು. ಮಗು ಮಲಗಿದ್ದೇ ಮಲಗಿದ್ದು. ನನ್ನ ಕಾಲದಲ್ಲಾಗಿದ್ದರೆ ಎಷ್ಟು ಸಾಧು ಮಗು ಅಂತ ಸುಮ್ನೆ ಇರುತ್ತಿದ್ದೆ. ಕ್ಲಾಸ್‌ನಲ್ಲಿ ಕೊಟ್ಟ ನಂಬರ್‌ಗೆ ಫೋನ್ ಮಾಡಿದೆವು. ಈಗಲೇ ಕರೆತನ್ನಿ ಅಂದರು. ಡಾಕ್ಟರ್ ತೂಕ ಹಾಕಿ ನೋಡಿದರು. ಸಿಸ್ಟರ್ ಪಕ್ಕದಲ್ಲಿ ಕೂತು, ಮಗು ಬಾಯಿ ಅಗಲ ತೆರೆಯುವವರೆಗೆ ಕಾದು, ತೊಟ್ಟಿನ ಸುತ್ತಲಿನ ಕಪ್ಪು ಭಾಗವೂ ಒಳಗೆ ಹೋಗುವ ಹಾಗೆ ಹಿಡಿಸಿದರು. ಗುಟುಕು ನುಂಗುವ ಸದ್ದು ಆಗ ಕೇಳಿಸಿತು. ಮಗಳು ಅತ್ತೇಬಿಟ್ಟಳು.

ಕೊರತೆಗಳೂ ಇವೆ. ಕೊಟ್ಟ ಹಾಳೆಗಳೆಲ್ಲ ಇಂಗ್ಲಿಷ್‌ನಲ್ಲಿ. ಗಂಡಸರನ್ನು ಹೊರಗೆ ಕೂರಿಸಿದ್ದು ತಪ್ಪು. ನಮ್ಮನೆಯಲ್ಲಿ ರಾತ್ರಿ ಎರಡಕ್ಕೆ ಬಟ್ಟೆ ಬದಲಾಯಿಸಿ ಗೀಟು ಹಾಕುವವನು ಅಳಿಯನೇ. ಹೊಲಿಗೆಯ ಆರೈಕೆ ಹತ್ತು ನಿಮಿಷದಲ್ಲಿ ಮುಗಿಯಿತು. ರಕ್ತಸ್ರಾವದಿಂದ ಗಂಟೆಗೊಂದು ಪ್ಯಾಡ್ ಪೂರ್ತಿ ನೆನೆದರೆ ಆಸ್ಪತ್ರೆಗೆ ಓಡಿ ಅಂದದ್ದಷ್ಟೇ ನೆನಪಿದೆ. ಬಾಣಂತಿಯ ಮನಸ್ಸಿನ ಬಗ್ಗೆ ಒಂದು ಮಾತಿಲ್ಲ. ಮೂರನೇ ವಾರವೂ ಮಗಳ ಅಳು ನಿಲ್ಲದಿದ್ದಾಗ, ಎರಡು ವಾರ ದಾಟಿದರೆ ಡಾಕ್ಟರ್‌ಗೆ ಹೇಳಲೇಬೇಕು ಅಂದದ್ದು ಮನೆಗೆ ಬರುವ ಆಶಾ ಕಾರ್ಯಕರ್ತೆ. ಹೇಳಿದೆವು, ಈಗ ಪರವಾಗಿಲ್ಲ.

ಒಂಬತ್ತನೇ ತಿಂಗಳವರೆಗೆ ಕಾಯಬೇಡಿ, ಎಂಟರಲ್ಲೇ ಹೋಗಿ. ಆಮೇಲೆ ಎರಡು ಗಂಟೆ ಕೂರುವುದು ಬಸುರಿಗೆ ಕಷ್ಟ. ಒಂದು ದಿಂಬು ತಗೊಂಡು ಹೋಗಿ, ಅಲ್ಲಿರುವುದು ಪ್ಲಾಸ್ಟಿಕ್ ಕುರ್ಚಿ.