ನಿಧಾನಗತಿಯ ಕಂಪ್ಯೂಟರಿಗೆ ಎಸ್‌ಎಸ್‌ಡಿಯೋ, ಹೆಚ್ಚುವರಿ ರ್‍ಯಾಮೋ?

ಮನೆಯ ಕಂಪ್ಯೂಟರ್ ತೀರಾ ನಿಧಾನವಾಗಿದ್ದು, ಒಂದೇ ಬಿಡಿಭಾಗಕ್ಕೆ ಹಣ ಹಾಕಲು ಸಾಧ್ಯವೆಂದಾದರೆ, ಅಂಗಡಿಗೆ ಹೋಗುವ ಮುನ್ನ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ (ಯಾವ ಭಾಗ ಎಷ್ಟು ಬಳಕೆಯಲ್ಲಿದೆ ಎಂದು ತೋರಿಸುವ ಕಿಟಕಿ) ತೆರೆದು ನೋಡಬೇಕು. ಮೆಮೊರಿ (ರ್‍ಯಾಮ್, ಅಂದರೆ ತೆರೆದಿರುವ ಕೆಲಸಗಳನ್ನು ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಜಾಗ) ಅರ್ಧದಷ್ಟು ಖಾಲಿಯಿದ್ದರೂ ಡಿಸ್ಕ್ ಬಳಕೆ 100% ತಲುಪಿ ಅಲ್ಲಿಯೇ ನಿಂತಿದ್ದರೆ, ತೊಡಕು ಬಹುಮಟ್ಟಿಗೆ ಹಾರ್ಡ್‌ಡಿಸ್ಕ್‌ನದು: ತಿರುಗುವ ತಟ್ಟೆಯ ಮೇಲೆ ಓದುವ ಮೊನೆ ಅತ್ತಿತ್ತ ಸರಿಯಬೇಕಾದ್ದರಿಂದ, ಚದುರಿದ ಸಣ್ಣ ತುಣುಕುಗಳನ್ನು ಅದು ಸೆಕೆಂಡಿಗೆ ನೂರರ ಆಸುಪಾಸಿನಲ್ಲಷ್ಟೇ ಓದಬಲ್ಲದು, ತಿರುಗುವ ಭಾಗವಿಲ್ಲದೆ ಚಿಪ್‌ಗಳಲ್ಲೇ ಮಾಹಿತಿ ಇಡುವ ಸಾಮಾನ್ಯ ಎಸ್‌ಎಸ್‌ಡಿ ಸಾವಿರಗಟ್ಟಲೆ ಓದುತ್ತದೆ. ಹಳೆಯ ಯಂತ್ರಗಳಿಗೆ ನನ್ನ ಮೊದಲ ಶಿಫಾರಸು ಹಾರ್ಡ್‌ಡಿಸ್ಕ್ ಬದಲು ಎಸ್‌ಎಸ್‌ಡಿ ಹಾಕುವುದೇ. ಡಿಸ್ಕ್ ಈಗಾಗಲೇ ಎಸ್‌ಎಸ್‌ಡಿಯಾಗಿದ್ದು, ಬ್ರೌಸರಿನಲ್ಲಿ ಹತ್ತಾರು ಟ್ಯಾಬ್ ತೆರೆದೊಡನೆ 4 ಜಿಬಿ ರ್‍ಯಾಮ್ ತುಂಬಿಹೋಗುತ್ತಿದ್ದರೆ ಅದನ್ನು 8 ಜಿಬಿಗೆ ಏರಿಸುವುದು ಸಾರ್ಥಕ. ಆದರೆ ಕೆಲವು ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ್‍ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಅದನ್ನು ಬದಲಿಸಲಾಗದು. ಹಳೆಯ ತಲೆಮಾರಿನ ರ್‍ಯಾಮ್ ಆದ ಡಿಡಿಆರ್3ರ ಸ್ಲಾಟಿನಲ್ಲಿ ಅದರ ನಂತರದ ಡಿಡಿಆರ್4 ಕೂರುವುದೂ ಇಲ್ಲ.